ವೆಂಟಿಲೇಟರ್ ತೆಗೆಸುವ ನಿರ್ಧಾರ: ಅನುಭವಸ್ಥರ ಮಾತುಗಳು

ಸಲಹೆ ಕೇಳಿದವರು (ತುಮಕೂರು):
ನಮ್ಮ ತಾಯಿಗೆ 78 ವರ್ಷ. ಮೆದುಳಿನಲ್ಲಿ ರಕ್ತಸ್ರಾವವಾಗಿ ಮೂರು ವಾರಗಳಿಂದ ವೆಂಟಿಲೇಟರ್ ಮೇಲಿದ್ದಾರೆ. ಪ್ರಜ್ಞೆ ಮರಳುವ ಭರವಸೆಯಿಲ್ಲವೆಂದು ವೈದ್ಯರು ಹೇಳಿದ್ದಾರೆ. ಯಂತ್ರ ತೆಗೆಸಿದರೆ ಹೆತ್ತವಳನ್ನು ಕೈಯಾರೆ ಕೊಂದಂತಾಗುತ್ತದೆ ಎಂಬುದು ಅಣ್ಣನ ಸಂಕಟ. ಮೆಲ್ಬರ್ನ್‌ನಲ್ಲಿರುವ ದೊಡ್ಡಪ್ಪನ ಮಗ, ಅಲ್ಲಿಯಂತೆ ನಮ್ಮಲ್ಲೂ ದಯಾಮರಣದ ಕಾನೂನು ಇದ್ದಿದ್ದರೆ ಚೆನ್ನಾಗಿತ್ತು ಎನ್ನುತ್ತಾನೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಬೇಕು.

ಶೃಂಗೇರಿ ಕಡೆಯ ಕೃಷಿಕರು:
ನಿಮ್ಮ ಅಣ್ಣ ಹೇಳಿದ ಮಾತನ್ನೇ ಹೇಳುತ್ತ ನಾನು 2019ರಲ್ಲಿ ಹನ್ನೊಂದು ದಿನ ತಳ್ಳಿದೆ. ತಂದೆಯವರದು ಶ್ವಾಸಕೋಶದ ಕಾಯಿಲೆ, ಕೊನೆಯ ಹಂತ. ಕೊಳವೆಯನ್ನು ಕಿತ್ತುಕೊಳ್ಳುತ್ತಾರೆಂದು ಅವರ ಎರಡೂ ಕೈಗಳನ್ನು ಮಂಚದ ಸರಳಿಗೆ ಬ್ಯಾಂಡೇಜು ಬಟ್ಟೆಯಿಂದ ಕಟ್ಟಿದ್ದರು. ಅಡಿಕೆ ಸುಲಿದು ಕರೆ ಹಿಡಿದಿದ್ದ ಆ ಬೆರಳುಗಳು, ನಾನು ಹತ್ತಿರ ಹೋದಾಗಲೆಲ್ಲ, ಗಂಟು ಎಲ್ಲಿದೆಯೆಂದು ತಡಕಾಡುತ್ತಿದ್ದವು. ಕೊನೆಗೆ ಆಸ್ಪತ್ರೆಯವರೇ ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದರು. ಆದರೆ ಸಹಿ ಹಾಕಿಸಿಕೊಂಡದ್ದು, ವೈದ್ಯರ ಸಲಹೆಗೆ ವಿರುದ್ಧವಾಗಿ ನಾವಾಗಿಯೇ ಕರೆದೊಯ್ಯುತ್ತಿದ್ದೇವೆ ಎಂಬ ಕಾಗದಕ್ಕೆ. ಘಾಟಿಯ ತಿರುವುಗಳ ಉದ್ದಕ್ಕೂ ಆಂಬುಲೆನ್ಸಿನ ಹುಡುಗ ಕೈಯಿಂದ ಚೀಲ ಒತ್ತಿ ಉಸಿರು ಕೊಡುತ್ತ ಬಂದ, ಜಗಲಿಯಲ್ಲಿ ಮಲಗಿಸಿದ ಮೇಲೆ ಕೊಳವೆ ತೆಗೆದು ಹೊರಟುಹೋದ. ಅಲ್ಲಿಂದ ಮೂರೂವರೆ ಗಂಟೆ ಅಪ್ಪ ಏದುಸಿರು ಬಿಟ್ಟರು. ಆ ಉಬ್ಬಸವನ್ನು ತಗ್ಗಿಸಲು ನಮ್ಮ ಬಳಿ ಔಷಧವಿರಲಿಲ್ಲ, ಗೊತ್ತಿದ್ದವರೊಬ್ಬರೂ ಇರಲಿಲ್ಲ.

ಯಂತ್ರ ತೆಗೆಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಹಾಗೆ ತೆಗೆಸಿದ್ದಕ್ಕಿದೆ. ದಯವಿಟ್ಟು ಅಂಥ ಕಾಗದಕ್ಕೆ ಸಹಿ ಮಾಡಬೇಡಿ. ಏನು ಮಾಡುವುದಿದ್ದರೂ ಆಸ್ಪತ್ರೆಯಲ್ಲಿಯೇ, ನೋವು, ಉಬ್ಬಸ ತಗ್ಗಿಸುವ ಉಪಶಮನ ಆರೈಕೆಯ ವೈದ್ಯರನ್ನು ಕರೆಸಿಯೇ ಮಾಡಿ ಎಂದು ಪಟ್ಟುಹಿಡಿಯಿರಿ.

ಉಪಶಮನ ಆರೈಕೆಯ ದಾದಿ (ಬೆಂಗಳೂರು):
ಮೇಲಿನವರು ಅನುಭವಿಸಿದ್ದನ್ನು ತಪ್ಪಿಸಲು ಈಗ ಸ್ಪಷ್ಟವಾದ ದಾರಿಯಿದೆ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು, 2023ರ ಜನವರಿಯಲ್ಲಿ ಕ್ರಮವನ್ನು ಸರಳಗೊಳಿಸಿತು. ಅದರಂತೆ ನಡೆಯಬೇಕೆಂದು ಕರ್ನಾಟಕ ಸರ್ಕಾರವೂ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದೆ. ಚಿಕಿತ್ಸೆ ನೀಡುತ್ತಿರುವ ವೈದ್ಯರ ಜೊತೆಗೆ ಕನಿಷ್ಠ ಐದು ವರ್ಷಗಳ ಅನುಭವವುಳ್ಳ ಇಬ್ಬರು ತಜ್ಞರು ಸೇರಿದ ಮಂಡಳಿ ಮೊದಲು ಪರಿಶೀಲಿಸುತ್ತದೆ. ಕುಟುಂಬದವರು ಲಿಖಿತ ಒಪ್ಪಿಗೆ ಕೊಟ್ಟ ಮೇಲೆ, ಮೊದಲ ಮಂಡಳಿಯಲ್ಲಿಲ್ಲದ ವೈದ್ಯರ ಎರಡನೆಯ ಮಂಡಳಿ ನೋಡುತ್ತದೆ. ಎರಡೂ ಆದಷ್ಟು ಮಟ್ಟಿಗೆ 48 ಗಂಟೆಗಳೊಳಗೆ ತೀರ್ಮಾನ ಹೇಳಬೇಕು. ನಿರ್ಧಾರವನ್ನು ಜಾರಿಗೆ ತರುವ ಮುನ್ನ ಆಸ್ಪತ್ರೆಯು ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತದೆ. ನಿಮ್ಮ ತಾಯಿ ಮೊದಲೇ ಏನನ್ನೂ ಬರೆದಿಡದಿದ್ದರೂ ಈ ದಾರಿ ಮುಚ್ಚಿಲ್ಲ.

ಕೊಲ್ಲುವ ಉದ್ದೇಶದಿಂದ ಚುಚ್ಚುಮದ್ದು ಕೊಡುವುದು ಇಂದಿಗೂ ಅಪರಾಧವೇ. ಯಂತ್ರ ತೆಗೆಯುವಾಗ ನಾವು ಮಾರ್ಫಿನ್ ಕೊಡುವುದು ಉಬ್ಬಸಕ್ಕೆ, ಅದೂ ಉಬ್ಬಸ ತಗ್ಗುವಷ್ಟೇ. ಅನಂತರವೂ ಮಗ್ಗುಲು ಬದಲಿಸುತ್ತೇವೆ, ಒದ್ದೆ ಹತ್ತಿಯಿಂದ ತುಟಿ ಒರೆಸುತ್ತೇವೆ, ಮಕ್ಕಳಿಗೆ ಕೈ ಹಿಡಿದು ಕೂರಲು ಹೇಳುತ್ತೇವೆ. ಸಾವು ಬರುವುದು ಕಾಯಿಲೆಯಿಂದ; ಇದನ್ನು ನಿಮ್ಮ ಅಣ್ಣನಿಗೆ ವೈದ್ಯರ ಬಾಯಿಂದಲೇ ಕೇಳಿಸಿ.

ಆದರೂ ಅವರ ಅಳುಕನ್ನು ಹಗುರವಾಗಿ ಕಾಣಬೇಡಿ. ಉತ್ತರ ಕನ್ನಡದ ಹಳದೀಪುರದ ದಾದಿ ಅರುಣಾ ಶಾನಭಾಗ್ 1973ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಹಲ್ಲೆಗೊಳಗಾಗಿ, ಮೆದುಳು ಘಾಸಿಗೊಂಡು, 2015ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಮಲಗಿದ್ದರು. ಅವರು ವೆಂಟಿಲೇಟರ್ ಮೇಲಿರಲಿಲ್ಲ, ಅವರಿಗೆ ಉಣಿಸಿ ಮೀಯಿಸುತ್ತಿದ್ದ ದಾದಿಯರು ಆಹಾರ ನಿಲ್ಲಿಸಬೇಕೆಂಬ ಅರ್ಜಿಯನ್ನು ಒಪ್ಪಲಿಲ್ಲ, 2011ರಲ್ಲಿ ನ್ಯಾಯಾಲಯವೂ ಅವರ ಮಾತನ್ನು ಮನ್ನಿಸಿತು. ಅದೇ ತೀರ್ಪು ಬೇರೆ ರೋಗಿಗಳಿಗೆ ಚಿಕಿತ್ಸೆ ನಿಲ್ಲಿಸುವ ಬಾಗಿಲನ್ನೂ ತೆರೆಯಿತು. ದಾದಿಯಾಗಿ ನನಗೆ ಎರಡೂ ಸರಿಯೆನಿಸುತ್ತದೆ. ಆದ್ದರಿಂದ ನಿಮಗೇನು ಬೇಕು, ಅಣ್ಣನಿಗೇನು ಬೇಕು ಎಂಬುದನ್ನು ಬದಿಗಿಟ್ಟು, ತಾಯಿ ಎಂದಾದರೂ ಏನಾದರೂ ಹೇಳಿದ್ದರೇ ಎಂದು ಇಬ್ಬರೂ ಕೂತು ನೆನಪಿಸಿಕೊಳ್ಳಿ.

ಮೆಲ್ಬರ್ನ್‌ನಲ್ಲಿರುವ ಕನ್ನಡಿಗರು:
ನಿಮ್ಮ ದೊಡ್ಡಪ್ಪನ ಮಗನಿಗೆ ಒಂದು ಮಾತು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 2019ರ ಜೂನ್ 19ರಿಂದ ಜಾರಿಯಲ್ಲಿರುವ ಆ ಕಾನೂನಿನಡಿ ರೋಗಿಯೇ, ಪೂರ್ಣ ವಿವೇಚನೆಯಲ್ಲಿದ್ದು, ಮೂರು ಬಾರಿ ಕೇಳಬೇಕು. ಮಕ್ಕಳು ಅವರ ಪರವಾಗಿ ಕೇಳುವಂತಿಲ್ಲ. ಪ್ರಜ್ಞೆಯಿಲ್ಲದ ನಿಮ್ಮ ತಾಯಿಗೆ ಅದು ಇಲ್ಲಿಯೂ ಅನ್ವಯಿಸುತ್ತಿರಲಿಲ್ಲ.

ಸಲಹೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಣ್ಣನನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಸೋದರಮಾವನನ್ನು ಐಸಿಯುನಲ್ಲಿ ನೋಡಿ ಬಂದ ದಿನ ಅಮ್ಮ ತನ್ನೊಡನೆ ‘ನನ್ನ ಬಾಯಿಗೆ ಇಷ್ಟೆಲ್ಲ ತುರುಕಿಸಬೇಡ ಕಣೋ’ ಎಂದಿದ್ದರೆಂದು ಅವನೇ ಹೇಳಿದ. ಮಂಡಳಿಗೆ ಒಪ್ಪಿಸಬೇಕೆಂದು ನಾಳೆ ಬೆಳಿಗ್ಗೆ ವೈದ್ಯರನ್ನು ಇಬ್ಬರೂ ಒಟ್ಟಿಗೆ ಕೇಳಲಿದ್ದೇವೆ.