ಸಹಾಯ ಬೇಕು: ಹೆಂಡತಿ ಗರ್ಭಿಣಿ, ಮನೆಯಲ್ಲಿ ಬೆಕ್ಕಿದೆ, ಏನು ಮಾಡಲಿ?

ನಮಸ್ಕಾರ. ಬೆಕ್ಕು ಸಾಕಿದವರು, ಪಶುವೈದ್ಯರು ಯಾರಾದರೂ ಇದ್ದರೆ ದಯವಿಟ್ಟು ನೋಡಿ. ಹೆಂಡತಿಯ ರಕ್ತಪರೀಕ್ಷೆಯಲ್ಲಿ ಟಾಕ್ಸೊಪ್ಲಾಸ್ಮಾ (ಬೆಕ್ಕಿನ ಮಲ, ಹಸಿ ಮಾಂಸದಿಂದ ಹರಡುವ ರೋಗಾಣು) ಐಜಿಜಿ, ಐಜಿಎಂ (ಸೋಂಕು ತಗುಲಿದಾಗ ರಕ್ತದಲ್ಲಿ ಬರುವ ಪ್ರತಿಕಾಯಗಳು) ಎರಡೂ ನೆಗೆಟಿವ್ ಬಂದಿದೆ. ಅಂದರೆ ಈ ಸೋಂಕು ಅವಳಿಗೆ ಹಿಂದೆ ಬಂದ ಗುರುತಿಲ್ಲ, ಹಾಗಾಗಿ ಬಸಿರಲ್ಲಿ ಹೊಸದಾಗಿ ತಗುಲಿದರೆ ಮಗುವಿಗೆ ತೊಂದರೆ ಆಗಬಹುದು, ಹುಷಾರಾಗಿರಿ ಅಂದಿದ್ದಾರೆ ಡಾಕ್ಟರ್. ಅಮ್ಮ ಅಂತೂ ಬೆಕ್ಕನ್ನು ಇವತ್ತೇ ಎಲ್ಲಾದರೂ ಬಿಟ್ಟು ಬಾ ಅಂತ ಕೂತಿದ್ದಾರೆ. (ಕದ್ದು ಅದಕ್ಕೆ ಹಾಲು ಹಾಕೋದೂ ಅವರೇ!)

ಸದ್ಯಕ್ಕೆ ಬೆಕ್ಕಿನ ಕಕ್ಕಸು ಟ್ರೇ ನಾನೇ ದಿನಾ ಕ್ಲೀನ್ ಮಾಡುತ್ತೇನೆ, ಗ್ಲೌಸ್ ಹಾಕಿಕೊಂಡು. ಮಲದಲ್ಲಿ ಬರುವ ಈ ರೋಗಾಣು ಸೋಂಕು ಹರಡುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕಂತೆ, ಅದಕ್ಕೇ ದಿನಾ ತೆಗೆಯೋದು. ಹಸಿ ಮಾಂಸ ನಿಲ್ಲಿಸಿ ಬೇಯಿಸಿದ ಮೀನು, ಕ್ಯಾಟ್ ಫುಡ್ ಕೊಡುತ್ತಿದ್ದೇವೆ. ಹೆಂಡತಿ ಕುಂಡದ ಮಣ್ಣು ಮುಟ್ಟುತ್ತಿಲ್ಲ, ಸೊಪ್ಪು ತರಕಾರಿ ಚೆನ್ನಾಗಿ ತೊಳೆಯುತ್ತೇವೆ, ನಮಗೂ ಮಾಂಸ ಪೂರ್ತಿ ಬೆಂದೇ ಇರಬೇಕು.

ತಲೆಕೆಟ್ಟಿರೋದು ಇಲ್ಲಿ. ಈ ಬೆಕ್ಕು ಹೊರಗೆ ಹೋಗಿ ಇಲಿ ಹಿಡಿಯುತ್ತೆ, ಇಲಿ ತಿಂದು ಅದಕ್ಕೆ ಸೋಂಕು ತಗುಲಬಹುದು. ಒಬ್ಬ ಪಶುವೈದ್ಯರು ಬೆಕ್ಕಿಗೂ ರಕ್ತಪರೀಕ್ಷೆ ಮಾಡಿಸಿ ಅಂದರು. ಇನ್ನೊಬ್ಬರು ಸುಮ್ನೆ ದುಡ್ಡು ದಂಡ, ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಕೆಲವು ವಾರ ಮಾತ್ರ ಅದು ಮಲದಲ್ಲಿ ಹೊರಬರುತ್ತೆ, ಪಾಸಿಟಿವ್ ಬಂದರೂ ಅದು ಈಗಿನದ್ದೋ ಹಳೆಯದೋ ಹೇಳೋಕಾಗಲ್ಲ ಅಂದರು. ನನಗೆ ಎರಡನೆಯವರ ಮಾತೇ ಸರಿ ಅನಿಸುತ್ತೆ, ಆದರೆ ಅಮ್ಮನಿಗೆ ರಿಪೋರ್ಟ್ ಬೇಕು.

ಬೆಕ್ಕಿನ ಪರೀಕ್ಷೆಯಿಂದ ನಿಜವಾಗಿ ಉಪಯೋಗ ಇದೆಯಾ? ಅಥವಾ ಹೆರಿಗೆವರೆಗೆ ಅದನ್ನು ಮನೆಯೊಳಗೇ ಇಟ್ಟುಕೊಂಡರೆ ಸಾಕಾ? ಹೊರಗೆ ತಿರುಗಿ ಅಭ್ಯಾಸ ಇರುವ ಬೆಕ್ಕನ್ನು ಒಳಗೆ ಹೇಗೆ ನಿಲ್ಲಿಸಿಕೊಂಡಿರಿ ಅಂತಲೂ ಹೇಳಿ.