ಮಾಜಿ ಸೈನಿಕರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೆಂದಿದ್ದೇವೆ, ಅನುಭವ ಇದ್ದವರು ತಿಳಿಸಿ

ಪ್ರಶ್ನೆ (ಹುಬ್ಬಳ್ಳಿಯಿಂದ):
ನಮ್ಮದು ಪಂಪ್ ಬಿಡಿಭಾಗ ತಯಾರಿಸುವ ಸಣ್ಣ ಘಟಕ. ಉಗ್ರಾಣಕ್ಕೆ ಒಬ್ಬರು, ವಾಹನಗಳ ಉಸ್ತುವಾರಿಗೆ ಒಬ್ಬರು ಬೇಕಾಗಿದ್ದಾರೆ. ಸೇನೆಯಿಂದ ನಿವೃತ್ತರಾದವರಿಗೇ ಕೊಡೋಣ ಎಂಬುದು ನನ್ನ ಆಸೆ. ‘ಅವರು ಗೇಟಿಗೆ ಸರಿ, ಒಳಗಿನ ಕೆಲಸಕ್ಕೆ ಹೊಂದಿಕೊಳ್ಳುವುದಿಲ್ಲ’ ಎನ್ನುತ್ತಾರೆ ನನ್ನ ಪಾಲುದಾರರು. ಸಂದರ್ಶನದಲ್ಲಿ ಏನು ಕೇಳಬೇಕು? ಸಂಬಳ ಹೇಗೆ ನಿಗದಿ ಮಾಡಬೇಕು? ಸೇರಿದ ಮೇಲೆ ಏನು ಗಮನಿಸಬೇಕು?

ತುಮಕೂರಿನ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಿಂದ:
‘ಗೇಟಿಗೆ ಸರಿ’ ಎಂಬ ಮಾತನ್ನು ಮೊದಲು ಪಕ್ಕಕ್ಕಿಡಿ. ಸೇನೆಯಲ್ಲಿ ಇರುವವರೆಲ್ಲ ಬಂದೂಕು ಹಿಡಿದು ಗಡಿಯಲ್ಲಿ ನಿಂತವರಲ್ಲ. ಸಂಪರ್ಕ ವ್ಯವಸ್ಥೆಯ ಸಿಗ್ನಲ್ಸ್, ಸಾಮಗ್ರಿ ದಾಸ್ತಾನಿನ ಆರ್ಡ್‌ನೆನ್ಸ್, ಎಂಜಿನಿಯರ್ಸ್, ಆಹಾರ, ಇಂಧನ ಪೂರೈಸುವ ಸರ್ವೀಸ್ ಕೋರ್, ವಾಹನ ಮತ್ತು ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಇಎಂಇ, ಹೀಗೆ ವಿಭಾಗಕ್ಕೊಂದು ಕಸುಬು. ಅಭ್ಯರ್ಥಿಯ ಡಿಸ್ಚಾರ್ಜ್ ಪುಸ್ತಕ, ಅಂದರೆ ಸೇವೆ ಮುಗಿದಾಗ ಸೇನೆ ಕೊಡುವ ದಾಖಲೆ, ಕೇಳಿ ನೋಡಿ. ಅವರ ಟ್ರೇಡ್ (ಸೇನೆಯಲ್ಲಿ ಮಾಡಿದ ಕಸುಬು), ಮಾಡಿದ ಕೋರ್ಸ್‌ಗಳು, ನಡತೆಯ ದರ್ಜೆ ಅದರಲ್ಲಿ ಇರುತ್ತವೆ. ಅವರೇ ಬರೆದು ತರುವ ಒಂದು ಪುಟದ ಬಯೋಡೇಟಾಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಸಂದರ್ಶನದಲ್ಲಿ ‘ನಿಮ್ಮ ಸಾಧನೆ ಏನು?’ ಎಂದು ಕೇಳಿದರೆ ಹೆಚ್ಚಿನವರು ‘ಡ್ಯೂಟಿ ಮಾಡಿದ್ದೇನೆ ಸರ್’ ಎಂದು ಸುಮ್ಮನಾಗುತ್ತಾರೆ. ಮಾಡಿದ್ದನ್ನೆಲ್ಲ ‘ನಮ್ಮ ಯೂನಿಟ್ ಮಾಡಿತು’ ಎಂದೇ ಹೇಳುತ್ತಾರೆ. ಅದನ್ನು ಆತ್ಮವಿಶ್ವಾಸದ ಕೊರತೆ ಎಂದು ತಿಳಿಯಬೇಡಿ. ಪ್ರಶ್ನೆಯನ್ನು ಬದಲಿಸಿ: ನಿಮ್ಮ ಸುಪರ್ದಿನಲ್ಲಿ ಎಷ್ಟು ವಾಹನಗಳಿದ್ದವು? ಲೆಕ್ಕ ತಪಾಸಣೆಗೆ ಯಾರು ಬರುತ್ತಿದ್ದರು? ಹಿಮ ಬಿದ್ದು ರಸ್ತೆ ಮುಚ್ಚಿದಾಗ ಬಿಡಿಭಾಗ ಎಲ್ಲಿಂದ ತರಿಸುತ್ತಿದ್ದಿರಿ? ಆಗ ಮಾತು ಹರಿಯುತ್ತದೆ.

ನಮ್ಮ ಉಗ್ರಾಣಕ್ಕೆ ಆರ್ಡ್‌ನೆನ್ಸ್‌ನಿಂದ ಬಂದವರೊಬ್ಬರು ಸೇರಿದರು. ಬಂದ ದಿನವೇ ಚಾರ್ಜ್ ಪಟ್ಟಿ, ಅಂದರೆ ತಮ್ಮ ವಶಕ್ಕೆ ಬರುವ ಸಾಮಾನುಗಳ ಪಟ್ಟಿ, ಎಲ್ಲಿ ಎಂದು ಕೇಳಿದರು. ನಮ್ಮಲ್ಲಿ ಇದ್ದದ್ದು ಕಂಪ್ಯೂಟರಿನ ದಾಸ್ತಾನು ಪಟ್ಟಿ ಮಾತ್ರ. ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಬೇರಿಂಗ್ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿಸಿ, ಎಣಿಸಿ, ಪಟ್ಟಿಗೂ ಕಪಾಟಿಗೂ ಇದ್ದ ವ್ಯತ್ಯಾಸವನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿ, ನಂತರ ಸಹಿ ಮಾಡಿದರು. ಹಳೆಯ ಸಿಬ್ಬಂದಿ ಗೊಣಗಿದರು, ತಮ್ಮ ಮೇಲೆ ಅನುಮಾನ ಪಡುತ್ತಿದ್ದಾರೆ ಎಂದುಕೊಂಡರು. ಇಲ್ಲಿ ನಿಮ್ಮ ಕೆಲಸವಿದೆ. ಅಧಿಕಾರ ವಹಿಸಿಕೊಳ್ಳುವಾಗ ಎಣಿಸಿಯೇ ಸಹಿ ಹಾಕುವುದು ಸೇನೆಯ ಕ್ರಮ ಎಂದು ಉಳಿದವರಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ಪ್ರಾಮಾಣಿಕತೆಯೇ ಜಗಳಕ್ಕೆ ಕಾರಣವಾಗುತ್ತದೆ.

ಇಎಂಇಯಲ್ಲಿ ಹವಾಲ್ದಾರನಾಗಿದ್ದ ಗದಗದವರು:
ಸಂಬಳದ ವಿಷಯವನ್ನು ನೇರವಾಗಿಯೇ ಹೇಳುತ್ತೇನೆ, ಏಕೆಂದರೆ ನಮಗೆ ಅತಿ ಹೆಚ್ಚು ನೋವು ಕೊಡುವುದು ಅದೇ. ‘ನಿಮಗೆ ಪಿಂಚಣಿ ಬರುತ್ತದಲ್ಲ, ಇಷ್ಟು ಸಾಕಲ್ಲವೇ?’ ಎಂದು ಸಂದರ್ಶನದಲ್ಲೇ ಕೇಳುತ್ತಾರೆ. ನಾನು ಮೊದಲು ಹೋದ ಒಂದು ಸಂಸ್ಥೆಯಲ್ಲಿ ಅದೇ ಕೆಲಸಕ್ಕೆ ಪಕ್ಕದವನಿಗಿಂತ ಕಡಿಮೆ ಕೊಡುತ್ತೇವೆ ಎಂದರು, ಕಾರಣ ಪಿಂಚಣಿ. ಆ ಪಿಂಚಣಿ ನಾನು ಈಗಾಗಲೇ ಮಾಡಿ ಮುಗಿಸಿದ ಸೇವೆಗೆ ಸಿಗುವುದು, ಮುಂದೆ ನಿಮ್ಮಲ್ಲಿ ಮಾಡುವ ಕೆಲಸಕ್ಕಲ್ಲ. ಸಿಪಾಯಿಗಳು, ನಾಯಕ್ ದರ್ಜೆಯವರು ಸಾಮಾನ್ಯವಾಗಿ 35ರಿಂದ 45ರ ವಯಸ್ಸಿನೊಳಗೆ ಮನೆಗೆ ಬರುತ್ತಾರೆ. ಮಕ್ಕಳು ಆಗ ಹೈಸ್ಕೂಲು, ಕಾಲೇಜು. ಮನೆ ಕಟ್ಟುವುದು ಬಾಕಿ ಇರುತ್ತದೆ. ಹುದ್ದೆಗೆ ಒಂದು ಸಂಬಳ ನಿಗದಿ ಮಾಡಿ, ಯಾರು ಬಂದರೂ ಅದನ್ನೇ ಕೊಡಿ. ಪಿಂಚಣಿ ಎಷ್ಟು ಎಂದು ಕೇಳಲೇಬೇಡಿ.

ಇನ್ನೊಂದು ಮಾತು. ಸೇನೆಯಲ್ಲಿ ಯಾರಿಗೆ ವರದಿ ಒಪ್ಪಿಸಬೇಕು ಎಂಬುದರಲ್ಲಿ ಗೊಂದಲವಿಲ್ಲ. ಹೊರಗೆ ಬಂದರೆ ಮಾಲೀಕರು ಒಂದು ಹೇಳುತ್ತಾರೆ, ಮ್ಯಾನೇಜರ್ ಇನ್ನೊಂದು, ಲೆಕ್ಕಪತ್ರದವರು ಮತ್ತೊಂದು. ‘ನೋಡಿಕೊಂಡು ಮಾಡಿ’ ಎಂಬ ಆದೇಶ ನಮಗೆ ಅರ್ಥವಾಗಲು ಸಮಯ ಬೇಕು. ಏನು, ಎಷ್ಟರೊಳಗೆ, ಯಾರಿಗೆ ಎಂದು ಮೂರು ಸಂಗತಿ ಹೇಳಿದರೆ ಸಾಕು, ಮತ್ತೆ ನೆನಪಿಸಬೇಕಾಗಿಲ್ಲ. ಎಲ್ಲಿ ನಾನೇ ನಿರ್ಧಾರ ತೆಗೆದುಕೊಳ್ಳಬಹುದು ಎಂಬುದನ್ನೂ ಬಾಯಿಬಿಟ್ಟು ಹೇಳಿ.

ಹಾಸನದಿಂದ, ಮಾಜಿ ಸೈನಿಕರ ಪತ್ನಿ:
ನನ್ನ ಯಜಮಾನರು ಜಮ್ಮು, ಅಸ್ಸಾಂ, ರಾಜಸ್ಥಾನ ಸುತ್ತಿ ಬಂದವರು. ಇಷ್ಟು ವರ್ಷ ಹಿಂದಿಯಲ್ಲೇ ಕೆಲಸ ಮಾಡಿದವರಿಗೆ ಕನ್ನಡದಲ್ಲಿ ಒಂದು ಅರ್ಜಿ ಬರೆಯುವುದು ಕಷ್ಟವಾಯಿತು. ಕಚೇರಿಯ ಹುಡುಗರು ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದು ಸರಸರ ಮಾಡುವಾಗ ಇವರಿಗೆ ಕೇಳಲು ಸಂಕೋಚ. ಅಲ್ಲಿನ ಒಬ್ಬ ಹಿರಿಯ ಗುಮಾಸ್ತರು ಊಟದ ನಂತರ ಪಕ್ಕದಲ್ಲಿ ಕೂತು ಕಲಿಸಿದರು. ಯಾರ ಎದುರೂ ಅದನ್ನು ಹೇಳಿಕೊಳ್ಳಲಿಲ್ಲ. ಆ ಒಬ್ಬರಿಂದಾಗಿ ನಮ್ಮವರು ಆ ಕೆಲಸದಲ್ಲಿ ಉಳಿದರು. ನಿಮ್ಮಲ್ಲೂ ಅಂಥ ಒಬ್ಬರನ್ನು ಮೊದಲೇ ಗೊತ್ತುಮಾಡಿ.

ಸಹೋದ್ಯೋಗಿಗಳಿಗೆ ಒಂದು ವಿನಂತಿ. ‘ಯುದ್ಧದಲ್ಲಿ ಎಷ್ಟು ಜನರನ್ನು ಕೊಂದಿರಿ?’ ಎಂದು ಕೇಳಬೇಡಿ. ಕುತೂಹಲದಿಂದ ಕೇಳುತ್ತಾರೆ, ನನಗೆ ಗೊತ್ತು. ಆ ದಿನ ಮನೆಗೆ ಬಂದ ಮೇಲೆ ಅವರು ಯಾರ ಹತ್ತಿರವೂ ಮಾತನಾಡುವುದಿಲ್ಲ.

ಬೆಳಗಾವಿಯಿಂದ, ಶಾಲಾ ಸಾರಿಗೆ ನೋಡಿಕೊಳ್ಳುವವರು:
ನಮ್ಮ ಉಸ್ತುವಾರಿ ಫಿರಂಗಿ ದಳದಲ್ಲಿದ್ದವರು. ಬಲಕಿವಿ ಸರಿಯಾಗಿ ಕೇಳಿಸುವುದಿಲ್ಲ, ಅದನ್ನು ಅವರು ಎಂದೂ ಹೇಳಿರಲಿಲ್ಲ. ಸಭೆಯಲ್ಲಿ ಯಾವಾಗಲೂ ಬಲಗಡೆಯ ಮೂಲೆಯಲ್ಲೇ ಕೂರುತ್ತಿದ್ದುದರಿಂದ ತಿಳಿಯಿತು: ಅಲ್ಲಿ ಕೂತರೆ ಎಲ್ಲರೂ ಎಡಕ್ಕೆ ಬರುತ್ತಾರೆ. ಈಗ ಸೂಚನೆಗಳನ್ನು ಬರೆದೇ ಕೊಡುತ್ತೇವೆ, ಎಲ್ಲ ಚಾಲಕರಿಗೂ. ವಾಹನದ ಹುದ್ದೆಗೆ ತೆಗೆದುಕೊಳ್ಳುವಾಗ ನಾಗರಿಕ ಚಾಲನಾ ಪರವಾನಗಿ ಯಾವ ವರ್ಗದ್ದು ಎಂದು ನೋಡಿಕೊಳ್ಳಿ.

ಧಾರವಾಡದಿಂದ, ನಿವೃತ್ತ ಸುಬೇದಾರ್:
ನಿಮಗೆ ಹತ್ತಿರದ ದಾರಿ ಧಾರವಾಡದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿ. ಮಾಜಿ ಸೈನಿಕರು ಅಲ್ಲಿ ಉದ್ಯೋಗಕ್ಕಾಗಿ ಹೆಸರು ನೋಂದಾಯಿಸಿರುತ್ತಾರೆ, ಅವರ ಗುರುತಿನ ಚೀಟಿಯನ್ನು ಕೊಡುವುದೂ ಆ ಇಲಾಖೆಯೇ. ದೊಡ್ಡ ಮಟ್ಟದಲ್ಲಿ ಬೇಕಾದರೆ ದೆಹಲಿಯ ಪುನರ್ವಸತಿ ಮಹಾನಿರ್ದೇಶನಾಲಯವಿದೆ. ಅವರು ನಿವೃತ್ತಿಗೆ ಮುಂಚೆ ಕಸುಬಿನ ತರಬೇತಿಯನ್ನೂ ಕೊಡಿಸುತ್ತಾರೆ, ಉದ್ಯೋಗ ಮೇಳಗಳನ್ನೂ ನಡೆಸುತ್ತಾರೆ.

ಸೇರಿದವರಿಗೆ ರಜೆಯ ವಿಷಯದಲ್ಲಿ ಸ್ವಲ್ಪ ಔದಾರ್ಯ ತೋರಿಸಿ. ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಸಲ್ಲಿಸಬೇಕು, ಸ್ಪರ್ಶ್ ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆಯ ಖಾತೆಯಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದರೂ ಅಲೆದಾಟ. ವೃದ್ಧ ತಂದೆತಾಯಿಯನ್ನು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಆಸ್ಪತ್ರೆಗೆ ಕರೆದೊಯ್ಯಬೇಕು. ಅರ್ಧ ದಿನ ಕೊಟ್ಟರೆ ಸಾಕಾಗುತ್ತದೆ.

ಅಗ್ನಿವೀರರನ್ನೂ ಮನಸ್ಸಿನಲ್ಲಿಡಿ. 2022ರ ಅಗ್ನಿಪಥ ಯೋಜನೆಯಂತೆ ಅವರದು ನಾಲ್ಕು ವರ್ಷದ ಸೇವೆ. ಗರಿಷ್ಠ 25% ಮಂದಿ ಮುಂದುವರಿಯುತ್ತಾರೆ, ಉಳಿದವರಿಗೆ ಸೇವಾನಿಧಿ ಎಂಬ ಇಡಿಗಂಟಿನ ಮೊತ್ತ ಸಿಗುತ್ತದೆ, ಪಿಂಚಣಿ ಇಲ್ಲ. ಇಪ್ಪತ್ತರ ಆಸುಪಾಸಿನ ಹುಡುಗರು. ನಮ್ಮಂತೆ ಒಂದೇ ಕಸುಬಿನಲ್ಲಿ ಪಳಗಿರುವುದಿಲ್ಲ, ಆದರೆ ಕಲಿಯುವ ವಯಸ್ಸು. ಉಗ್ರಾಣಕ್ಕೆ ಅನುಭವಿಯನ್ನು ತೆಗೆದುಕೊಂಡು, ಅವರ ಕೈಕೆಳಗೆ ಇಂಥ ಒಬ್ಬನನ್ನು ಇಡಬಹುದು.

ಧಾರವಾಡದ ಕಚೇರಿಗೆ ಪತ್ರ ಬರೆಯುವಾಗ ‘ಮಾಜಿ ಸೈನಿಕರು ಬೇಕಾಗಿದ್ದಾರೆ’ ಎಂದಷ್ಟೇ ಬರೆಯಬೇಡಿ. ಹುದ್ದೆಯ ಹೆಸರು, ಬೇಕಾದ ಟ್ರೇಡ್, ಕೆಲಸದ ವೇಳೆ, ಸಂಬಳದ ಮೊತ್ತ, ನಾಲ್ಕನ್ನೂ ಬರೆಯಿರಿ. ಮೊತ್ತವಿಲ್ಲದ ಪತ್ರಕ್ಕೆ ಒಳ್ಳೆಯ ಕೆಲಸಗಾರರು ಬರುವುದಿಲ್ಲ.