ಪುಟ್ಟಿ, ಅರಿಶಿನದ ಡಬ್ಬಿ ಒಳಗಿಡು

ಪುಟ್ಟಿ, ಪಾತ್ರೆ ತೊಳೆದು ಈಗಷ್ಟೇ ಗ್ರೂಪ್ ನೋಡಿದೆ. ಡಯಾಪರ್ ಬದಲಿಸುವಾಗ ನಿನ್ನ ಉಗುರು ತಾಗಿ ಕೂಸಿನ ತೊಡೆಸಂದಿಯಲ್ಲಿ ಗೀರಾಗಿದೆ, ಎರಡು ಹನಿ ರಕ್ತ ಬಂತು, ಸುತ್ತ ಮೊದಲೇ ಕೆಂಪಗಿತ್ತು ಅಂತ ಬರೆದಿದ್ದೀಯ. ಅದರ ಕೆಳಗೆ ಒಬ್ಬರು ಅರಿಶಿನ ಅಂದಿದ್ದಾರೆ, ಒಬ್ಬರು ಡೆಟಾಲ್, ಇನ್ನೊಬ್ಬರು ಪೌಡರ್. ಟೈಪ್ ಮಾಡುತ್ತಾ ಕೂತರೆ ನನಗೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಮೊದಲು ನೀನು ಅಳೋದು ನಿಲ್ಲಿಸು. ಮಗುವಿಗೆ ಉಗುರು ತಾಗಿಸದ ಅಮ್ಮ ಈ ಗ್ರೂಪಿನಲ್ಲಿ ಯಾರಿದ್ದಾರೆ ಹೇಳು.

ರಕ್ತ ಇನ್ನೂ ಒಸರುತ್ತಿದ್ದರೆ ಒಗೆದ ಮೆತ್ತನೆಯ ಹತ್ತಿಬಟ್ಟೆ ಇಟ್ಟು ಐದು ನಿಮಿಷ ಹಗುರವಾಗಿ ಒತ್ತಿ ಹಿಡಿ. ನಡುನಡುವೆ ಎತ್ತಿ ನೋಡಬೇಡ. ಆಮೇಲೆ ಉಗುರುಬೆಚ್ಚಗಿನ ನೀರು ಹೊಯ್ದು ತೊಳೆ, ಮುಂದಿನಿಂದ ಹಿಂದಕ್ಕೆ. ಬರೀ ನೀರು ಸಾಕು. ಡೆಟಾಲ್, ಸ್ಪಿರಿಟ್ ಅಲ್ಲಿ ಬೇಡವೇ ಬೇಡ, ಉರಿಗೆ ಕೂಸು ಕಿರುಚುತ್ತದೆ, ಚರ್ಮ ಇನ್ನೂ ಸುಲಿಯುತ್ತದೆ. ಟವೆಲ್‌ನಿಂದ ಉಜ್ಜಬೇಡ, ಒತ್ತಿ ಒತ್ತಿ ನೀರು ಹೀರಿಸು. ಬ್ಯಾಂಡೇಜ್ ಪಟ್ಟಿಯೂ ಬೇಡ. ಒದ್ದೆಗೆ ಅಂಟುವುದಿಲ್ಲ, ಕಿತ್ತು ಬಂದರೆ ನೇರ ಬಾಯಿಗೆ ಹೋಗುತ್ತದೆ.

ಈಗ ಕ್ರೀಮ್. ಜಿಂಕ್ ಆಕ್ಸೈಡ್ ಇರುವ ಬಿಳಿ ಕ್ರೀಮ್ ತರಿಸು, ಅದು ಬರುವವರೆಗೆ ಪೆಟ್ರೋಲಿಯಂ ಜೆಲ್ಲಿ ಆದರೂ ಸರಿ. ಹೋಳಿಗೆಗೆ ತುಪ್ಪ ಸವರಿದ ಹಾಗಲ್ಲ, ಗೋಡೆಗೆ ಸುಣ್ಣ ಬಳಿದ ಹಾಗೆ ದಪ್ಪಗೆ ಹಚ್ಚು. ಅದು ಮಾಯಿಸೋ ಔಷಧಿ ಅಲ್ಲ, ತಡೆಗೋಡೆ. ಉಚ್ಚೆ ಮತ್ತು ಕಕ್ಕ ಸೇರಿದಾಗ ಚರ್ಮದ ಸಹಜ ಹುಳಿಗುಣ ಕಡಿಮೆಯಾಗುತ್ತದೆ. ಆಗ ಕಕ್ಕದಲ್ಲಿರುವ, ಆಹಾರ ಕರಗಿಸುವ ಅದೇ ಕಿಣ್ವಗಳು ಕೂಸಿನ ಚರ್ಮವನ್ನೇ ತಿನ್ನುತ್ತವೆ. ಗೀರು ಬಿದ್ದ ಜಾಗಕ್ಕೆ ಕೇಳಬೇಕಾ? ಮುಂದಿನ ಸಲ ಬದಲಿಸುವಾಗ ಹಳೆಯ ಕ್ರೀಮನ್ನು ಕೆರೆದು ತೆಗೆಯಬೇಡ. ಕೊಳೆಯಾದ ಮೇಲಿನ ಪದರ ಮಾತ್ರ ಒರೆಸಿ, ಅದರ ಮೇಲೇ ಹಚ್ಚು.

ಎರಡು ಗಂಟೆಗೊಮ್ಮೆ ನೋಡು, ಕಕ್ಕ ಮಾಡಿದರೆ ತಕ್ಷಣ ಬದಲಿಸು. ಹಗಲು ಎಷ್ಟಾಗುತ್ತೋ ಅಷ್ಟು ಹೊತ್ತು ಹಳೆ ಪಂಚೆ ಹಾಸಿ ಬರಿಮೈಯಲ್ಲಿ ಬಿಡು. ಚಾಪೆ ಒದ್ದೆಯಾಗುತ್ತದೆ, ಆಗಲಿ. ಹಾಂ, ಉಡಿದಾರ ಕಟ್ಟಿದ್ದೀರಲ್ವಾ? ಒದ್ದೆ ದಾರ ಡಯಾಪರ್ ಅಂಚಿನಲ್ಲಿ ಸಿಕ್ಕಿ ಉಜ್ಜುತ್ತದೆ. ನಾಲ್ಕು ದಿನ ಬಿಚ್ಚಿಡು, ಅಜ್ಜಿ ಕೇಳಿದರೆ ನನ್ನ ಹೆಸರು ಹೇಳು.

ಅರಿಶಿನ ಅಂದವರು ಬೇಜಾರು ಮಾಡಿಕೊಳ್ಳಬೇಡಿ. ಅಡುಗೆಮನೆ ಡಬ್ಬಿಯ ಪುಡಿ ತೆರೆದ ಗಾಯಕ್ಕೆ ಹಾಕುವಷ್ಟು ಶುದ್ಧ ಅಲ್ಲ. ಹಳದಿ ಮೆತ್ತಿದ ಮೇಲೆ ಕೆಂಪು ಹರಡುತ್ತಿದೆಯೋ ಇಲ್ಲವೋ ಗೊತ್ತೂ ಆಗುವುದಿಲ್ಲ. ಪೌಡರ್ ಸಂದಿಯಲ್ಲಿ ಹಿಟ್ಟಿನ ಹಾಗೆ ಕಟ್ಟುತ್ತದೆ, ಧೂಳು ಮಗುವಿನ ಉಸಿರಿಗೂ ಹೋಗುತ್ತದೆ. ಸ್ನಾನಕ್ಕೆ ಕಡ್ಲೆಹಿಟ್ಟು ಉಜ್ಜೋದೂ ಮಾಯುವವರೆಗೆ ಬೇಡ.

ನಾನು ಇಷ್ಟುದ್ದ ಮಾತಾಡುತ್ತಿರುವುದು ನಿಜವಾಗಿ ಇನ್ನೊಂದು ವಿಷಯಕ್ಕೆ. ಮೆಡಿಕಲ್ ಶಾಪಿನಲ್ಲಿ 'ಮಗುವಿಗೆ ಕೆಂಪಾಗಿದೆ' ಅಂದರೆ ಒಂದು ಟ್ಯೂಬ್ ಕೊಡುತ್ತಾರೆ ನೋಡು, ಅದನ್ನು ತರಬೇಡ. ನನ್ನ ದೊಡ್ಡವನಿಗೆ ಏಳು ತಿಂಗಳಿದ್ದಾಗ ನಾನು ತಂದಿದ್ದೆ. ಎರಡೇ ದಿನಕ್ಕೆ ಕೆಂಪು ಮಾಯ! ಊರಿಗೆಲ್ಲ ಹೇಳಿಕೊಂಡು ಬಂದೆ. ನಿಲ್ಲಿಸಿದ ವಾರಕ್ಕೆ ಮೊದಲಿಗಿಂತ ಜಾಸ್ತಿಯಾಗಿ ಬಂತು, ಸಂದಿಯೆಲ್ಲ ಕೆಂಡದ ಹಾಗೆ, ಸುತ್ತ ಚುಕ್ಕಿ ಚುಕ್ಕಿ. ಡಾಕ್ಟರ್ ಟ್ಯೂಬ್ ತಿರುಗಿಸಿ ನೋಡಿ ಬೈದರು. ಒಳಗಿದ್ದದ್ದು ಸ್ಟೀರಾಯ್ಡ್. ಡಯಾಪರ್ ಮುಚ್ಚಿದ ಜಾಗದಲ್ಲಿ ಅದು ಜಾಸ್ತಿ ಒಳಗಿಳಿಯುತ್ತದಂತೆ, ಚರ್ಮ ತೆಳುವಾಗುತ್ತದೆ, ಫಂಗಸ್ಸಿಗೆ ದಾರಿ ಬಿಟ್ಟುಕೊಡುತ್ತದೆ. ಕೊನೆಗೆ ಫಂಗಸ್ ಕ್ರೀಮ್ ಹಚ್ಚಿ ಮಾಯಿತು. ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಬೆಟಾಮೆಥಸೋನ್, ಕ್ಲೋಬೆಟಾಸಾಲ್ ಅಂತ ಸ್ಟೀರಾಯ್ಡ್‌ಗಳ ಹೆಸರು ಕಂಡರೆ ಡಾಕ್ಟರ್ ಹೇಳದೆ ಮುಟ್ಟಬೇಡ.

ಸಣ್ಣ ಗೀರಾದರೆ ಎರಡು ಮೂರು ದಿನದಲ್ಲಿ ಕೂಡಿಕೊಳ್ಳುತ್ತದೆ. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಕೀವು, ಗುಳ್ಳೆ ಅಥವಾ ಹಳದಿ ಹಕ್ಕಳೆ ಕಂಡರೆ, ಕೆಂಪು ಹರಡಿದರೆ, ಉಚ್ಚೆ ಮಾಡುವಾಗೆಲ್ಲ ಚೀರಿದರೆ ಕಾಯಬೇಡ, ತೋರಿಸು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ ಅಷ್ಟೇ. ಮೂರು ತಿಂಗಳೊಳಗಿನ ಕೂಸಿಗೆ ಅಷ್ಟು ಜ್ವರ ಬಂದರೆ ರಾತ್ರಿಯಾದರೂ ಹೊರಡಲೇಬೇಕು. ನಿನ್ನದಕ್ಕೆ ಐದಾಯಿತಲ್ಲ, ಆದರೂ ಹೇಳಿದೆ, ಗ್ರೂಪಿನಲ್ಲಿ ಇನ್ನೊಂದು ಬಾಣಂತಿ ಇದ್ದಾಳೆ.

ಈಗ ಹೋಗಿ ಉಗುರು ಕತ್ತರಿಸು, ನಿನ್ನದೂ ಅದರದ್ದೂ. ಮತ್ತೆ ನೀನು ಹಾಕಿದ ಕೂಸಿನ ಗೀರಿನ ಫೋಟೋ ಗ್ರೂಪಿನಿಂದ ಅಳಿಸು ಮಾರಾಯ್ತಿ, ಅರವತ್ತು ಜನ ಇದ್ದಾರೆ ಇಲ್ಲಿ. ಬೆಳಿಗ್ಗೆ ಹೇಗಿದೆ ಅಂತ ನನಗೊಬ್ಬಳಿಗೇ ಫೋನ್ ಮಾಡಿ ಹೇಳು.